ನಾಯಿಯ ಪ್ರಯಾಣ, ಉಣುಗಿನ ಕಾಟ

ಧರ್ಮರಾಯನು ಮಹಾಪ್ರಸ್ಥಾನಕ್ಕೆ ಹೊರಟಾಗ ಕಡೆಯವರೆಗೂ ಅವನನ್ನು ಬಿಡದೆ ಬಂದದ್ದು ಒಂದು ನಾಯಿ. ಸ್ವರ್ಗದ ರಥ ಬಂದು ನಿಂತಾಗಲೂ ನಾಯಿಯನ್ನು ಬಿಟ್ಟು ಏರಲಾರೆನೆಂದು ಅವನು ಹೇಳಿದ ಕಥೆ ನಿಮಗೆ ತಿಳಿದದ್ದೇ. ನಮ್ಮ ಪ್ರಯಾಣಗಳು ಅಷ್ಟು ದೊಡ್ಡವಲ್ಲ. ಬೇಸಗೆಯ ರಜ ಬಂತೆಂದರೆ ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಸಾಗರ, ಶಿರಸಿ, ತೀರ್ಥಹಳ್ಳಿಗಳ ಕಡೆ ಹಿರಿಯರ ಮನೆಗೆ ಹೊರಡುತ್ತೇವೆ. ಊರಲ್ಲಿ ನೋಡಿಕೊಳ್ಳುವವರಿಲ್ಲದೆ ನಾಯಿಯೂ ನಮ್ಮೊಡನೆ ಬರುತ್ತದೆ. ಬರಲಿ, ಸಂತೋಷವೇ. ಆದರೆ ಹಿಂದಿರುಗುವಾಗ ಅದರ ಮೈಮೇಲೆ ಟಿಕೆಟ್ಟಿಲ್ಲದ ಪ್ರಯಾಣಿಕರು ಏರಿ ಬಾರದಂತೆ ಮಾಡುವುದು ಹೇಗೆ? ಈ ಮಾತನ್ನೇ ಇಂದು ನಿಮ್ಮೊಡನೆ ಆಡಬೇಕೆಂದಿದ್ದೇನೆ. ನಾನು ಕನ್ನಡ ಪಾಠ ಹೇಳುವವನು, ಪಶುವೈದ್ಯನಲ್ಲ. ಬಲ್ಲವರಿಂದ ಕೇಳಿ, ಓದಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಮೊದಲು ಶತ್ರುವಿನ ಪರಿಚಯವಾಗಲಿ. ನಮ್ಮಲ್ಲಿ ಕೆಲವರು ಇದನ್ನು ಉಣುಗು ಎನ್ನುತ್ತಾರೆ, ಕೆಲವರು ಉಣ್ಣೆ ಎನ್ನುತ್ತಾರೆ. ಕುರಿಯ ಮೈಮೇಲೆ ಬೆಳೆಯುವ ಉಣ್ಣೆ ನಮಗೆ ಕಂಬಳಿಯಾಗುತ್ತದೆ. ಅದೇ ಕುರಿಯ ಮೈಗೆ ಅಂಟುವ ಈ ಉಣ್ಣೆ ನೆತ್ತರನ್ನು ಹೀರುತ್ತದೆ. ಹೆಸರೊಂದೇ, ಗುಣ ಬೇರೆ. ಇದು ಜೇಡನ ಬಳಗಕ್ಕೆ ಸೇರಿದ್ದು. ಬೆಳೆದ ಉಣುಗಿಗೆ ಎಂಟು ಕಾಲು. ಇದಕ್ಕೆ ರೆಕ್ಕೆಯಿಲ್ಲ, ಚಿಗಟದಂತೆ ನೆಗೆಯಲೂ ಬಾರದು. ಕಾಡಿನ ಉಣುಗು ಹುಲ್ಲಿನ ತುದಿಯಲ್ಲೋ ಪೊದೆಯ ಎಲೆಯ ಮೇಲೋ ಮುಂಗಾಲು ಚಾಚಿ ಕಾದಿರುತ್ತದೆ. ಮೈ ತಗುಲಿದೊಡನೆ ಹತ್ತಿಕೊಳ್ಳುತ್ತದೆ. ನಾಯಿಗಳ ಮೇಲೆ ನಾವು ಹೆಚ್ಚಾಗಿ ಕಾಣುವ ಕಂದು ಉಣುಗು ಮಾತ್ರ ಮನೆಯ ಗೋಡೆಯ ಬಿರುಕಿನಲ್ಲಿಯೂ ಬಾಳಬಲ್ಲದು. ಹೊಟ್ಟೆ ತುಂಬಿದ ಹೆಣ್ಣು ಕೆಳಗೆ ಉದುರಿ, ಯಾವುದಾದರೊಂದು ಸಂದಿನಲ್ಲಿ ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಒಂದೇ ಒಂದು ಉಣುಗು ಮನೆ ಸೇರಿದರೆ ಸಾಕು, ಕೆಲವು ತಿಂಗಳಲ್ಲಿ ಅದರ ವಂಶ ಬೆಳೆಯುತ್ತದೆ.

ಹೀರುವ ನೆತ್ತರು ದೊಡ್ಡ ನಷ್ಟವಲ್ಲ. ಅದು ಬಿಟ್ಟುಹೋಗುವ ರೋಗವೇ ದೊಡ್ಡದು. ನಾಯಿಯ ನೆತ್ತರಿನ ಕಣಗಳನ್ನು ಹಾಳುಮಾಡುವ ಎರ್ಲಿಕಿಯ, ಬೆಬೀಸಿಯ ಎಂಬ ರೋಗಾಣುಗಳು ಉಣುಗಿನ ಕಡಿತದಿಂದಲೇ ಬರುತ್ತವೆ. ಕೆಲವು ರೋಗಾಣುಗಳು ಕಚ್ಚಿದ ಕೆಲವೇ ಗಂಟೆಗಳಲ್ಲಿ ಒಳಸೇರುತ್ತವೆ. ಮತ್ತೆ ಕೆಲವಕ್ಕೆ ಒಂದೆರಡು ದಿನ ಬೇಕು. ಆದುದರಿಂದ ಊರಿಗೆ ಹಿಂದಿರುಗಿದ ಮೇಲೆ ಚೆನ್ನಾಗಿ ಸ್ನಾನ ಮಾಡಿಸಿದರಾಯಿತು ಎನ್ನುವುದು ಸಲ್ಲದು. ರಕ್ಷಣೆ ಪ್ರಯಾಣಕ್ಕೆ ಮುಂಚೆಯೇ ಮೊದಲಾಗಬೇಕು.

ಹೊರಡುವುದಕ್ಕೆ ಒಂದು ವಾರ ಮುಂಚೆ ಪಶುವೈದ್ಯರನ್ನು ಕಾಣಿರಿ. ಇಂದು ಮೂರು ಬಗೆಯ ಔಷಧಗಳುಂಟು: ಕತ್ತಿಗೆ ಕಟ್ಟುವ ಔಷಧದ ಪಟ್ಟಿ, ಹೆಗಲ ನಡುವೆ ಚರ್ಮದ ಮೇಲೆ ಬಿಡುವ ಹನಿ, ನುಂಗಿಸುವ ಮಾತ್ರೆ. ಮಾತ್ರೆಗಳಲ್ಲಿ ಕೆಲವು ಒಂದು ತಿಂಗಳು, ಕೆಲವು ಸುಮಾರು ಮೂರು ತಿಂಗಳು ಕಾಯುತ್ತವೆ. ನಾಯಿಯ ತೂಕ, ವಯಸ್ಸು ನೋಡಿ ವೈದ್ಯರು ಆರಿಸಲಿ. ನಾಯಿಗೆ ಹಿಂದೆ ಸೆಳೆತದ ಕಾಯಿಲೆ ಬಂದಿದ್ದರೆ ಅದನ್ನು ಮರೆಯದೆ ಹೇಳಿರಿ. ಕೆಲವು ಮಾತ್ರೆಗಳು ಅಂಥ ನಾಯಿಗೆ ಒಗ್ಗುವುದಿಲ್ಲ. ಹನಿ ಬಿಡುವುದಕ್ಕೆ ಎರಡು ದಿನ ಹಿಂದೆ, ಬಿಟ್ಟ ಎರಡು ದಿನ ಮುಂದೆ ಸ್ನಾನ ಬೇಡ. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಒಂದು ಎಚ್ಚರ: ಪರ್ಮೆಥ್ರಿನ್ ಸೇರಿದ ನಾಯಿಯ ಔಷಧ ಬೆಕ್ಕಿಗೆ ವಿಷ. ಹೊಗೆಸೊಪ್ಪಿನ ನೀರು, ತೋಟಕ್ಕೆ ಹೊಡೆಯುವ ಕೀಟನಾಶಕ, ಇವನ್ನು ನಾಯಿಯ ಮೈಗೆ ಎಂದಿಗೂ ಹಚ್ಚಕೂಡದು. ನಾಯಿ ಮೈ ನೆಕ್ಕುವ ಪ್ರಾಣಿ. ಹಚ್ಚಿದ್ದು ಹೊಟ್ಟೆಗೇ ಹೋಗುತ್ತದೆ.

ದಾರಿಯಲ್ಲಿ ನಾಯಿಗೆ ಅದರದೇ ಹಾಸಿಗೆ ಬಟ್ಟೆ ಇರಲಿ. ರೈಲಿನ ನಾಯಿಪೆಟ್ಟಿಗೆಯಲ್ಲಿ ಒಯ್ಯುವುದಾದರೆ, ಅದರಲ್ಲಿ ಹಿಂದೆ ಎಷ್ಟೋ ನಾಯಿಗಳು ಮಲಗಿ ಹೋಗಿರುತ್ತವೆಂಬುದು ನೆನಪಿರಲಿ. ಮೂಲೆ ಮೂಲೆ ನೋಡಿ, ಬಟ್ಟೆ ಹಾಸಿ ಕೂರಿಸಿರಿ.

ಊರು ಸೇರಿದ ಮೇಲೆ ದಿನಕ್ಕೊಮ್ಮೆ, ಸಂಜೆ ದೀಪ ಹಚ್ಚುವ ಹೊತ್ತಿಗೆ, ನಾಯಿಯ ಮೈ ಸವರಿ ನೋಡುವುದನ್ನು ರೂಢಿ ಮಾಡಿಕೊಳ್ಳಿರಿ. ಕಿವಿಯ ಒಳಗೆ, ಕತ್ತುಪಟ್ಟಿಯ ಕೆಳಗೆ, ಕಾಲ್ಬೆರಳ ಸಂದು, ತೊಡೆಯ ಸಂದು, ಬಾಲದ ಬುಡ, ಇವು ಉಣುಗಿನ ಮೆಚ್ಚಿನ ತಾಣಗಳು. ಮುಧೋಳ ನಾಯಿಯಂಥ ಸಣ್ಣ ಕೂದಲಿನದಾದರೆ ಕಣ್ಣಿಗೇ ಕಾಣುತ್ತದೆ. ಜೊಂಪೆ ಕೂದಲಿನದಾದರೆ ಬೆರಳೇ ಕಣ್ಣಾಗಬೇಕು. ಉಣುಗು ಸಿಕ್ಕಿದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಿರಿ. ಸೀಮೆಎಣ್ಣೆ ಬಿಡುವುದು, ಊದುಬತ್ತಿಯಿಂದ ಸುಡುವುದು ಬೇಡ. ಕೆಣಕಿದ ಉಣುಗು ತನ್ನ ಹೊಟ್ಟೆಯೊಳಗಿನದನ್ನು ಗಾಯಕ್ಕೆ ಕಾರಬಹುದು. ಉಗುರಿನಿಂದ ಹಿಚುಕಬಾರದು. ಸ್ಪಿರಿಟ್ಟಿನಲ್ಲಿ ಮುಳುಗಿಸಿ, ಗಾಯವನ್ನು ಒರೆಸಿ, ಸೋಪು ಹಚ್ಚಿ ಕೈ ತೊಳೆಯಿರಿ.

ಮಲೆನಾಡಿಗೆ ಹೋಗುವವರಿಗೆ ವಿಶೇಷವಾಗಿ ಒಂದು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಡೆ ಮಂಗಗಳು ಸತ್ತು ಬಿದ್ದವು. ಕಾಡಿಗೆ ಹೋಗಿಬಂದ ಜನಕ್ಕೆ ಕಠಿನವಾದ ಜ್ವರ ಬಂದಿತು. ಅದೇ ಮಂಗನ ಕಾಯಿಲೆ. ಅದನ್ನು ಹರಡುವುದು ಕಾಡಿನ ಉಣುಗು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಲ. ನಮ್ಮ ಬೇಸಗೆಯ ರಜವೂ ಅದರೊಳಗೇ ಬರುತ್ತದೆ. ಮಂಗ ಸತ್ತ ಸುದ್ದಿಯಿರುವ ಕಡೆ ನಾಯಿಯನ್ನೂ ಕರೆದೊಯ್ಯಬೇಡಿ, ನೀವೂ ಹೋಗಬೇಡಿ. ಕಾಡಿನಿಂದ ಬಂದ ಕೆಲವು ದಿನಗಳಲ್ಲಿ ಮನೆಯವರಿಗೆ ಜ್ವರ ಬಂದರೆ, ಎಲ್ಲಿಗೆ ಹೋಗಿದ್ದೆವೆಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿರಿ.

ಇನ್ನುಳಿದ ಪರೋಪಜೀವಿಗಳನ್ನೂ ಮರೆಯುವಂತಿಲ್ಲ. ಮಳೆಗಾಲವಾದರೆ ಇಂಬಳ ಕಾಲ್ಬೆರಳಿಗೆ ಹತ್ತುತ್ತದೆ. ಮೂಗಿನೊಳಗೆ ಹೊಕ್ಕರೆ ವೈದ್ಯರೇ ತೆಗೆಯಬೇಕು. ಚಿಗಟವನ್ನು ನಾಯಿ ಕಚ್ಚಿ ನುಂಗಿದರೆ ಲಾಡಿಹುಳು ಹೊಟ್ಟೆ ಸೇರಬಹುದು. ನಾಯಿಯ ಮಲದಿಂದ ಮಣ್ಣಿಗೆ ಬೀಳುವ ಕೊಕ್ಕೆಹುಳುವಿನ ಮರಿ ಬರಿಗಾಲಲ್ಲಿ ಆಡುವ ಮಕ್ಕಳ ಚರ್ಮವನ್ನು ಕೊರೆಯಬಲ್ಲದು. ಹೊರಡುವ ಮುನ್ನ ಜಂತುಹುಳುವಿನ ಔಷಧ ಕೊಡಿಸಿ, ಅಂಗಳದ ಮಲವನ್ನು ಅಂದಂದೇ ತೆಗೆದರೆ ಈ ಚಿಂತೆ ಬಹುಮಟ್ಟಿಗೆ ಕಳೆಯುತ್ತದೆ.

ಹಿಂದಿರುಗಿದ ದಿನ ನಾಯಿಯನ್ನು ಬಾಗಿಲ ಹೊರಗೇ ಒಮ್ಮೆ ಪೂರ್ತಿ ನೋಡಿ ಒಳಗೆ ಬಿಡಿ. ಅದರ ಹಾಸಿಗೆ ಬಟ್ಟೆಯನ್ನು ಕುದಿಯುವ ನೀರಿನಲ್ಲಿ ಒಗೆಯಿರಿ. ಮುಂದಿನ ಎರಡು ಮೂರು ವಾರ ಗಮನವಿರಲಿ. ನಾಯಿ ಊಟ ಬಿಟ್ಟರೆ, ಮೈ ಬಿಸಿಯಾದರೆ, ವಸಡು ಬಿಳಿಚಿದರೆ, ಮೂಗಿನಿಂದ ರಕ್ತ ಬಂದರೆ, ಮೂತ್ರ ಕೆಂಪಗೋ ಕಪ್ಪಗೋ ಆದರೆ, ಬಿಸಿಲಿನ ಆಯಾಸವಿರಬಹುದೆಂದು ಸುಮ್ಮನಿರಬೇಡಿ. ಅಂದೇ ರಕ್ತಪರೀಕ್ಷೆ ಮಾಡಿಸಿರಿ. ಬೇಗ ತಿಳಿದರೆ ಈ ರೋಗಗಳಿಗೆ ಒಳ್ಳೆಯ ಔಷಧವುಂಟು. ತಡವಾದರೆ ಪ್ರಾಣಕ್ಕೇ ಬರುತ್ತದೆ.

ನಾಯಿ ತನ್ನ ನೋವನ್ನು ಬಾಯಿಬಿಟ್ಟು ಹೇಳಲಾರದು. ಎಲ್ಲಿಗೆಂದು ಕೇಳದೆ, ಕರೆದಲ್ಲಿಗೆ ನಮ್ಮನ್ನು ನಂಬಿ ಬರುತ್ತದೆ. ಆ ನಂಬಿಕೆಗೆ ಪ್ರತಿಯಾಗಿ ನಾವು ಕೊಡಬೇಕಾದದ್ದು ಹೊರಡುವ ಮುನ್ನ ಒಂದು ಔಷಧ, ದಿನವೂ ಸಂಜೆ ಹತ್ತು ನಿಮಿಷ. ಇದೇನೂ ದೊಡ್ಡ ಸಾಲವಲ್ಲ.