ಸರಕು ನಮ್ಮದು, ಮಾತು ಯಾರದ್ದು?

(ತಿ. ನರಸೀಪುರದಲ್ಲಿ ಮನೆಯುದ್ಯಮದ ತರಬೇತಿ ಪಡೆಯುತ್ತಿರುವ ಯುವಕ-ಯುವತಿಯರು ಮತ್ತು ಅವರ ಹೆತ್ತವರ ಮುಂದೆ ನೀಡಿದ ಉಪನ್ಯಾಸದ ಲಿಖಿತ ರೂಪ)



ಸೋಸಲೆ ನಿಮಗೆಲ್ಲ ಗೊತ್ತಿರುವ ಊರು, ಇದೇ ತಾಲೂಕಿನ ಗ್ರಾಮ. ಗರಳಪುರಿ ಎಂಬುದು ನೆರೆಯ ನಂಜನಗೂಡಿನ ಹಳೆಯ ಹೆಸರು. ಈ ಎರಡೂ ಊರುಗಳನ್ನು ತಮ್ಮ ಹೆಸರಿನಲ್ಲಿ ಹೊತ್ತಿದ್ದ ಒಬ್ಬ ವಿಜ್ಞಾನಿಯಿದ್ದರು. ಅವರೇ ಸೋಸಲೆ ಗರಳಪುರಿ ಶಾಸ್ತ್ರಿ. ಜನರು ಅವರನ್ನು 'ಸೋಪ್ ಶಾಸ್ತ್ರಿ' ಎಂದೇ ಕರೆದರು. ಒಂದನೇ ಮಹಾಯುದ್ಧದ ಕಾರಣ ಮೈಸೂರಿನ ಶ್ರೀಗಂಧ ಯುರೋಪಿಗೆ ಹೋಗದೆ ರಾಶಿ ಬಿದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರು 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ತೆರೆದರು. ಅದರ ಬೆನ್ನಿಗೇ ಸಾಬೂನಿನ ಯೋಜನೆ ಬಂತು. ಶಾಸ್ತ್ರಿಯವರು ಇಂಗ್ಲೆಂಡಿಗೆ ಹೋಗಿ ಆ ವಿದ್ಯೆಯನ್ನು ಕಲಿತು ಬಂದರು. ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿದ್ದು ಹೀಗೆ.

ಸಾಬೂನು ತಯಾರಾದ ಮಾತ್ರಕ್ಕೆ ತಮ್ಮ ಕೆಲಸ ಮುಗಿಯಿತೆಂದು ಶಾಸ್ತ್ರಿಯವರು ಭಾವಿಸಲಿಲ್ಲ. ಆಭರಣದ ಪೆಟ್ಟಿಗೆಯನ್ನು ಹೋಲುವ ಡಬ್ಬಿಯನ್ನು ರೂಪಿಸಿದರು. ಒಡವೆಯಂಗಡಿಯಲ್ಲಿ ಬಳಸುವಂಥ ತೆಳು ಕಾಗದದಲ್ಲಿ ಸಾಬೂನನ್ನು ಸುತ್ತಿದರು. ಟ್ರಾಮ್ ಟಿಕೆಟಿನ ಮೇಲೆ, ಬೆಂಕಿಪೊಟ್ಟಣದ ಮೇಲೆ ಅದರ ಚಿತ್ರ ಬಂತು. ದೂರದ ಕರಾಚಿಯಲ್ಲಿ ಅದರ ಪ್ರಚಾರಕ್ಕಾಗಿ ಒಂಟೆಗಳ ಮೆರವಣಿಗೆಯೇ ಹೊರಟಿತು. ಸರಕು ಎಷ್ಟೇ ಒಳ್ಳೆಯದಿದ್ದರೂ ಅದು ತನ್ನ ಬಗ್ಗೆ ತಾನೇ ಮಾತನಾಡಲಾರದು, ಅದರ ಪರವಾಗಿ ಯಾರಾದರೂ ಮಾತನಾಡಬೇಕು ಎಂಬುದನ್ನು ಪ್ರಯೋಗಶಾಲೆಯ ಮನುಷ್ಯನೊಬ್ಬ ನೂರು ವರ್ಷಗಳ ಹಿಂದೆಯೇ ಅರಿತಿದ್ದರು.

ಇನ್ನು ನಮ್ಮ ಮನೆಗಳನ್ನು ನೋಡೋಣ. ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಊದುಬತ್ತಿ ಹೊಸೆಯುತ್ತಾರೆ. ಸಾವಿರ ಕಡ್ಡಿಗಿಷ್ಟು ಎಂಬ ಲೆಕ್ಕದಲ್ಲಿ ಕೂಲಿ ಸಿಗುತ್ತದೆ. ಅದೇ ಕಡ್ಡಿಗೆ ಪರಿಮಳ ಹಚ್ಚಿ, ಒಂದು ಹೆಸರಿಟ್ಟು, ಡಬ್ಬಿಯ ಮೇಲೆ ನಾಲ್ಕು ಸಾಲು ಬರೆದಾಗ ಅದರ ಬೆಲೆ ಎಲ್ಲಿಗೆ ಏರುತ್ತದೆಂಬುದು ಅಂಗಡಿಗೆ ಹೋದವರಿಗೆ ಗೊತ್ತು. ಬೆರಳು ಸವೆಸಿದವರ ಪಾಲು ಕಿರಿದು, ಹೆಸರಿಟ್ಟು ಮಾರಿದವರ ಪಾಲು ಹಿರಿದು. ಹೊಲಿಗೆ, ಉಪ್ಪಿನಕಾಯಿ, ಮಸಾಲೆ ಪುಡಿ, ಬೇಕರಿ ತಿನಿಸು, ಯಾವುದನ್ನೇ ತೆಗೆದುಕೊಂಡರೂ ಕಥೆ ಇದೇ. ಕೈಕೆಲಸ ನಮ್ಮದು, ಮಾತು ಬೇರೆಯವರದ್ದು. ಮದುವೆಯ ಆಮಂತ್ರಣ ಪತ್ರಿಕೆಗೆ ಸಾವಿರಾರು ರೂಪಾಯಿ ಸುರಿದು ಅಕ್ಷರ ಅಕ್ಷರವನ್ನೂ ತಿದ್ದಿಸುವ ನಾವು, ಹೊಟ್ಟೆಗೆ ಅನ್ನ ಕೊಡುವ ಅಂಗಡಿಯ ಬೋರ್ಡಿನ ವಿಷಯ ಬಂದಾಗ, "ಏನಾದರೂ ಬರೆದುಬಿಡಿ" ಎಂದು ಪೇಂಟರಿಗೆ ಬಿಟ್ಟುಬಿಡುತ್ತೇವೆ. ಇದು ಬಡತನವಲ್ಲ, ಅಲಕ್ಷ್ಯ.

ಮಾರಾಟದ ಬರಹ ಎಂದೊಡನೆ ಹೊಸಬರು ವಿಶೇಷಣಗಳ ಬೆನ್ನು ಹತ್ತುತ್ತಾರೆ. ಈ ತಪ್ಪನ್ನು ನಾವೂ ಮಾಡಿದ್ದೇವೆ. ವರ್ಷಗಳ ಹಿಂದೆ ಬಂಧುವೊಬ್ಬರ ಬಟ್ಟೆ ಅಂಗಡಿಗೆ ಕರಪತ್ರ ಬರೆದುಕೊಟ್ಟಿದ್ದೆವು. ಅದರಲ್ಲಿ 'ಅದ್ಭುತ', 'ಅಪೂರ್ವ', 'ಅತ್ಯಾಕರ್ಷಕ' ಎಂಬ ಪದಗಳೆಲ್ಲ ಇದ್ದವು. ಅಂಗಡಿ ಯಾವ ಬೀದಿಯಲ್ಲಿದೆ, ಸಂಜೆ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂಬುದೊಂದು ಇರಲಿಲ್ಲ. ಎರಡು ಸಾವಿರ ಪ್ರತಿಗಳು ಹಂಚಿಕೆಯಾದವು. ಬಂದವರಲ್ಲಿ ಹೆಚ್ಚಿನವರು ಮೊದಲೇ ಪರಿಚಯವಿದ್ದವರು. ಹೊಗಳಿಕೆಯನ್ನು ಯಾರೂ ಖರೀದಿಸುವುದಿಲ್ಲವೆಂದು ನಮಗೆ ಅಂದು ತಿಳಿಯಿತು.

ಹಾಗಾದರೆ ಏನನ್ನು ಬರೆಯಬೇಕು? ಗ್ರಾಹಕರು ಪರೀಕ್ಷಿಸಿ ನೋಡಬಹುದಾದ ಸತ್ಯಗಳನ್ನು ಬರೆಯಬೇಕು. ಇಂದಿನ ಮಾತಿನ ತಿರುಳು ಇಷ್ಟೇ.

ಒಂದು ಉದಾಹರಣೆ ಈ ಊರಿನಲ್ಲೇ ಇದೆ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ತೆಗೆಯುವ ಕಾರ್ಖಾನೆ ತಿ. ನರಸೀಪುರದಲ್ಲಿದೆ. ಆ ರೇಷ್ಮೆಯಿಂದ ನೇಯುವ ಮೈಸೂರು ರೇಷ್ಮೆ ಸೀರೆಯ ಬಗ್ಗೆ ನಿಗಮ ಹೇಳುವುದೇನು? ಜರಿಯಲ್ಲಿ ಶೇಕಡಾ 65 ಬೆಳ್ಳಿ ಮತ್ತು ಶೇಕಡಾ 0.65 ಚಿನ್ನವಿದೆ ಎನ್ನುತ್ತದೆ. ಪ್ರತಿಯೊಂದು ಸೀರೆಗೂ ಅದರದ್ದೇ ಸಂಖ್ಯೆಯಿದೆ. ಸ್ವಲ್ಪ ಯೋಚಿಸಿ. ಚಿನ್ನ ಶೇಕಡಾ ಒಂದಕ್ಕಿಂತಲೂ ಕಡಿಮೆ ಎಂದು ಮಾರುವವರೇ ಒಪ್ಪಿಕೊಂಡರೂ ಕೊಳ್ಳುವವರು ಹಿಂಜರಿಯುವುದಿಲ್ಲ. 'ಅಪ್ಪಟ ಬಂಗಾರದ ಜರಿ' ಎಂದಿದ್ದರೆ ಅನುಮಾನ ಹುಟ್ಟುತ್ತಿತ್ತು. 0.65 ಎಂಬ ಲೆಕ್ಕ ವಿಶ್ವಾಸ ಹುಟ್ಟಿಸುತ್ತದೆ.

ಹೊರಜಗತ್ತಿನ ಅನುಭವವೂ ಇದೇ. 1958ರಲ್ಲಿ ಡೇವಿಡ್ ಒಗಿಲ್ವಿ ಎಂಬ ಜಾಹೀರಾತುಗಾರ ರೋಲ್ಸ್ ರಾಯ್ಸ್ ಕಾರಿಗಾಗಿ ಬರೆದ ತಲೆಬರಹ ಇಂದಿಗೂ ಪಾಠವಾಗಿದೆ. ಅದರಲ್ಲಿ ಕಾರಿನ ಹೊಗಳಿಕೆಯಿರಲಿಲ್ಲ. ಗಂಟೆಗೆ ಅರವತ್ತು ಮೈಲಿ ವೇಗದಲ್ಲಿ ಓಡುವಾಗಲೂ ಅದರೊಳಗೆ ಕೇಳಿಸುವ ದೊಡ್ಡ ಸದ್ದು ಗಡಿಯಾರದ್ದು ಎಂಬರ್ಥದ ಒಂದು ವಾಕ್ಯವಿತ್ತು. ಈ ವಾಕ್ಯ ಅವರ ಕಲ್ಪನೆಯಲ್ಲಿ ಮೂಡಿದ್ದಲ್ಲ, ಕಾರಿನ ಬಗ್ಗೆ ವಾರಗಟ್ಟಲೆ ಓದಿದಾಗ ಸಿಕ್ಕಿದ್ದು. ಇಷ್ಟು ದೊಡ್ಡ ಬರಹಗಾರನೇ ಸರಕನ್ನು ಅರಿಯಲು ವಾರಗಳನ್ನು ಕೊಟ್ಟಿರುವಾಗ ನಾವು ಒಂದು ಸಂಜೆಯನ್ನಾದರೂ ಕೊಡಬೇಡವೇ?

ಈಗ ಕೆಲಸಕ್ಕೆ ಬರೋಣ. ಸಹೋದರಿಯೊಬ್ಬರು ಮನೆಯಲ್ಲಿ ಬಿರಿಯಾನಿ ಮಸಾಲೆ ತಯಾರಿಸುತ್ತಾರೆ ಎಂದಿಟ್ಟುಕೊಳ್ಳಿ. ಅವರು ಮೊದಲು ಹೀಗೆ ಬರೆಯುತ್ತಾರೆ: "ನಂಬರ್ ಒನ್ ಗುಣಮಟ್ಟದ, ಅತ್ಯಂತ ರುಚಿಕರ ಮಸಾಲೆ. ಒಮ್ಮೆ ಬಳಸಿ ನೋಡಿ." ಇದನ್ನು ಯಾವ ಪೊಟ್ಟಣದ ಮೇಲಾದರೂ ಅಂಟಿಸಬಹುದು. ಅದೇ ಕಾರಣಕ್ಕೆ ಅದು ಯಾವ ಪೊಟ್ಟಣಕ್ಕೂ ಸೇರಿದ್ದಲ್ಲ. ಅವರನ್ನು ಕೂರಿಸಿ ಪ್ರಶ್ನೆ ಕೇಳೋಣ. ಎಷ್ಟು ಅಕ್ಕಿಗೆ ಎಷ್ಟು ಮಸಾಲೆ? ಪುಡಿ ಮಾಡುವುದು ಯಾವಾಗ? ಏನನ್ನು ಬೆರೆಸುತ್ತೀರಿ, ಏನನ್ನು ಬೆರೆಸುವುದಿಲ್ಲ? ಎಷ್ಟು ದಿನ ಇಡಬಹುದು? ಅವರ ಉತ್ತರಗಳೇ ಬರಹವಾಗುತ್ತವೆ: "ಒಂದು ಕಿಲೋ ಅಕ್ಕಿ, ಒಂದು ಕಿಲೋ ಮಾಂಸಕ್ಕೆ ಒಂದು ಪೊಟ್ಟಣ. ಪ್ರತಿ ಸೋಮವಾರ ಹುರಿದು ಪುಡಿ ಮಾಡುತ್ತೇವೆ, ದಿನಾಂಕ ಪೊಟ್ಟಣದ ಮೇಲಿದೆ. ಬಣ್ಣ ಬೆರೆಸಿಲ್ಲ. ಉಪ್ಪು ಹಾಕಿಲ್ಲ, ನಿಮ್ಮ ರುಚಿಗೆ ತಕ್ಕಷ್ಟು ಹಾಕಿಕೊಳ್ಳಿ." ಇದರಲ್ಲಿ ಒಂದೇ ಒಂದು ಹೊಗಳಿಕೆಯ ಪದವಿಲ್ಲ. ಆದರೂ ಓದಿದವರಿಗೆ ಅಡುಗೆಮನೆ ಕಣ್ಣಿಗೆ ಕಟ್ಟುತ್ತದೆ.

ಎರಡನೆಯದಾಗಿ, ಊರಿಗೆಲ್ಲ ಬರೆಯಬೇಡಿ, ಒಬ್ಬರಿಗೆ ಬರೆಯಿರಿ. ಹಬ್ಬಕ್ಕೆ ಹತ್ತು ದಿನಗಳಿರುವಾಗ ಮಕ್ಕಳ ಬಟ್ಟೆ ಹಿಡಿದು ಬರುವ ತಾಯಿಗೆ ಟೈಲರನ ಇಪ್ಪತ್ತೈದು ವರ್ಷಗಳ ಅನುಭವ ಮುಖ್ಯವಲ್ಲ. ಬಟ್ಟೆ ಯಾವ ದಿನ ಕೈಗೆ ಸಿಗುತ್ತದೆ ಎಂಬುದೇ ಅವಳ ಚಿಂತೆ. "ಕೊಟ್ಟ ನಾಲ್ಕನೆಯ ದಿನ ಸಂಜೆ ಬಟ್ಟೆ ಸಿದ್ಧ. ಅಳತೆ ತಪ್ಪಿದರೆ ಉಚಿತವಾಗಿ ಸರಿಪಡಿಸುತ್ತೇವೆ" ಎಂದು ಬರೆಯಿರಿ. ಆದರೆ ನಾಲ್ಕನೆಯ ದಿನ ಕೊಡಲು ಸಾಧ್ಯವಿದ್ದರೆ ಮಾತ್ರ.

ಮೂರನೆಯದು ಭಾಷೆ. ನಮ್ಮ ಅನೇಕ ಮನೆಗಳ ಮಾತು ಉರ್ದು. ಸಂತೆಯಲ್ಲಿ ಗ್ರಾಹಕರು ಓದುವುದು ಕನ್ನಡ. ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾನೂನು ಬಂತು. ಆದರೆ ಕಾನೂನಿಗೆ ಅಂಜಿ ಬರೆಯುವ ಕನ್ನಡ ಬೇರೆ, ನೆರೆಯವರೊಂದಿಗೆ ಮಾತನಾಡುವಂತೆ ಬರೆಯುವ ಕನ್ನಡ ಬೇರೆ. ಬರೆದುದನ್ನು ಗಟ್ಟಿಯಾಗಿ ಓದಿ ನೋಡಿ. ನಾಲಿಗೆ ತಡವರಿಸುವ ಕಡೆ ವಾಕ್ಯವನ್ನು ಎರಡಾಗಿ ಒಡೆಯಿರಿ. ಕಾಗುಣಿತವನ್ನು ಬಲ್ಲವರಿಗೆ ತೋರಿಸಿ. ಕನ್ನಡ ಮಾಧ್ಯಮದಲ್ಲಿ ಪದವಿಯವರೆಗೆ ಓದಿದ ಹೆಣ್ಣುಮಕ್ಕಳು ಇಂದು ನಮ್ಮ ಅನೇಕ ಮನೆಗಳಲ್ಲಿದ್ದಾರೆ. ತಂದೆಯ ಅಂಗಡಿಯ ಕರಪತ್ರವನ್ನು ಬರೆಯಲು ಅವರಿಗಿಂತ ಯೋಗ್ಯರು ಯಾರಿದ್ದಾರೆ? ಆ ಕೆಲಸವನ್ನು ಅವರಿಗೆ ಒಪ್ಪಿಸಿ, ಅದಕ್ಕೆ ಸಂಭಾವನೆಯನ್ನೂ ಕೊಡಿ.

ಕೊನೆಯಲ್ಲಿ ಬೆಲೆ, ವಿಳಾಸ, ಸಮಯ, ಫೋನ್ ಸಂಖ್ಯೆ ಇವನ್ನು ಮರೆಯಬೇಡಿ. ಎರಡು ಬಗೆಯ ಕರಪತ್ರಗಳನ್ನು ನೂರು ನೂರು ಪ್ರತಿ ಅಚ್ಚು ಹಾಕಿಸಿ, ಯಾವುದನ್ನು ಹಿಡಿದುಕೊಂಡು ಹೆಚ್ಚು ಜನ ಬಂದರೆಂದು ಎಣಿಸಿ. ಹೆಚ್ಚು ಜನರನ್ನು ಕರೆತಂದದ್ದನ್ನು ಉಳಿಸಿಕೊಳ್ಳಿ.

ಇನ್ನು ಅತ್ಯಂತ ಮುಖ್ಯವಾದ ವಿಷಯ. ಮಾತಿನ ಶಕ್ತಿ ತಿಳಿದವನಿಗೆ ಸುಳ್ಳಿನ ಆಸೆಯೂ ಹುಟ್ಟುತ್ತದೆ. ನಂಜನಗೂಡು ರಸಬಾಳೆಯನ್ನೇ ನೋಡಿ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಣ್ಣು ಅದು. ಪನಾಮಾ ಸೊರಗು ರೋಗದಿಂದ ಅದರ ತೋಟಗಳು ಕುಗ್ಗಿ ಹೋದವು. ಹಣ್ಣು ಅಪರೂಪವಾದಷ್ಟೂ ಬೇರೆ ಬಾಳೆಗೆ ಆ ಹೆಸರನ್ನು ಅಂಟಿಸುವ ಆಸೆ ಬಲವಾಗುತ್ತದೆ. ಅದೇ ನಂಜನಗೂಡಿನಲ್ಲಿ 1913ರಲ್ಲಿ ಬಿ.ವಿ. ಪಂಡಿತರು ಆರಂಭಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯನ್ನು ಜನರು ಊರಿನ ಹೆಸರಿನಿಂದಲೇ ಕೇಳಿ ಪಡೆದರು. ಊರಿನ ಹೆಸರು ಒಂದು ಅಮಾನತ್ತು. ಅದನ್ನು ಸುಳ್ಳಾಗಿ ಬಳಸಿದವನು ಒಬ್ಬ ಗ್ರಾಹಕನಿಗೆ ಮಾತ್ರವಲ್ಲ, ಆ ಮಣ್ಣಿನ ರೈತರೆಲ್ಲರಿಗೂ ದ್ರೋಹ ಬಗೆಯುತ್ತಾನೆ.

ಪ್ರವಾದಿ ಮುಹಮ್ಮದ್(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿದ ಘಟನೆ ನಿಮಗೆ ಗೊತ್ತಿದೆ. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಿದ್ದರೆ ನೆನೆದ ಧಾನ್ಯವನ್ನು ಜನರಿಗೆ ಕಾಣುವಂತೆ ಮೇಲಿಡಬೇಕಿತ್ತಲ್ಲವೇ ಎಂದು ಅವರು ಪ್ರಶ್ನಿಸಿದರು ಮತ್ತು ವಂಚಿಸುವವನನ್ನು ತಮ್ಮವನೆಂದು ಒಪ್ಪಲಿಲ್ಲ. ಆ ವ್ಯಾಪಾರಿ ಬಾಯಿಂದ ಸುಳ್ಳು ಹೇಳಿರಲಿಲ್ಲ, ಒಂದು ಸತ್ಯವನ್ನು ಕೆಳಗೆ ಮುಚ್ಚಿಟ್ಟಿದ್ದ. ನಮ್ಮ ದೇಶದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಇದನ್ನೇ ಹಿಡಿಯುತ್ತದೆ. ಮುಖ್ಯ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮುಚ್ಚಿಟ್ಟ ಜಾಹೀರಾತು ಕೂಡ ದಾರಿ ತಪ್ಪಿಸುವ ಜಾಹೀರಾತೇ. ಅದಕ್ಕೆ ಹತ್ತು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೊಂದು ನಿಷೇಧಿಸಿದೆ. ತಾಯಿತ, ತಾವೀಜುಗಳ ಹೆಸರಿನಲ್ಲಿ ರೋಗ ವಾಸಿ ಮಾಡುವ ಪ್ರಚಾರವೂ ಅದರ ವ್ಯಾಪ್ತಿಗೆ ಬರುತ್ತದೆ. ನಮ್ಮ ಮೊಹಲ್ಲಾಗಳ ಗೋಡೆಗಳ ಮೇಲೆ ಅಂತಹ ಚೀಟಿಗಳು ಕಂಡರೆ ನಾವೇ ಮೊದಲು ಪ್ರಶ್ನಿಸಬೇಕು.

2022ರಲ್ಲಿ ರಾಜ್ಯದ ಹಲವೆಡೆ ದೇವಾಲಯಗಳ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಅವಕಾಶ ನಿರಾಕರಿಸಿದ್ದನ್ನು ನಾವು ಮರೆತಿಲ್ಲ. ಅದು ಅನ್ಯಾಯ. ಅದನ್ನು ಸಂವಿಧಾನದ ದಾರಿಯಲ್ಲೇ ಪ್ರಶ್ನಿಸಬೇಕು. ಒಳ್ಳೆಯ ಕರಪತ್ರದಿಂದ ದ್ವೇಷ ಅಳಿಯುತ್ತದೆಂದು ನಾವು ಹೇಳುವುದಿಲ್ಲ. ಆದರೆ ಬರೆದ ತೂಕ, ಬರೆದ ದಿನಾಂಕ, ಬರೆದ ಬೆಲೆ ತಪ್ಪದ ವ್ಯಾಪಾರಿಯ ಬಗ್ಗೆ ಸುಳ್ಳು ಹಬ್ಬಿದಾಗ, ಅದು ಸುಳ್ಳೆಂದು ಹೇಳಲು ಅವನ ಗ್ರಾಹಕರಲ್ಲೇ ಸಾಕ್ಷಿಗಳಿರುತ್ತಾರೆ. ವರ್ಷಗಟ್ಟಲೆ ಕೊಟ್ಟು ಕೊಂಡ ನೆರೆಯವರು ಅವರು. ಅಂತಹ ಸಾಕ್ಷಿಗಳನ್ನು ಹಣ ಕೊಟ್ಟು ಪಡೆಯಲಾಗದು.

2025ರಲ್ಲಿ ಅದೇ ಮೈಸೂರು ಸ್ಯಾಂಡಲ್ ಸಾಬೂನಿನ ಪ್ರಚಾರಕ್ಕೆ ಚಿತ್ರತಾರೆಯೊಬ್ಬರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ನೇಮಿಸಿದ ಸುದ್ದಿಯನ್ನು ಓದಿದ್ದೀರಿ. ನಮ್ಮಲ್ಲಿ ಕೋಟಿಗಳಿಲ್ಲ, ಒಂಟೆಗಳೂ ಇಲ್ಲ. ನಮ್ಮ ಸರಕಿನ ಕುರಿತು ನಮಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ ಎಂಬ ಬಂಡವಾಳ ಮಾತ್ರ ಇದೆ. ಇಂದು ರಾತ್ರಿ ಮನೆಯವರೆಲ್ಲ ಒಟ್ಟಿಗೆ ಕುಳಿತು, ನೀವು ಮಾಡುವ ಒಂದೇ ಒಂದು ವಸ್ತುವಿನ ಬಗ್ಗೆ ಹತ್ತು ಸತ್ಯಗಳನ್ನು ಬರೆಯಿರಿ. ಹತ್ತು ಸಿಗದಿದ್ದರೆ ವಸ್ತುವನ್ನೇ ಇನ್ನಷ್ಟು ಚೆನ್ನಾಗಿ ಮಾಡಬೇಕೆಂದು ಅರ್ಥ. ಸಿಕ್ಕಿದರೆ ಅವುಗಳಲ್ಲಿ ಮೂರನ್ನು ಆರಿಸಿ ನಾಳೆ ಪೊಟ್ಟಣದ ಮೇಲೆ ಅಂಟಿಸಿ.