ಒಂದೇ ಫೋನಿಗೆ ಎರಡು ಬೆಲೆ ಏಕೆ?

(ಮಿಲ್ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮೊಬೈಲು ಫೋನು ಇಂದು ಷೋಕಿಯ ವಸ್ತುವಾಗಿ ಉಳಿದಿಲ್ಲ. ಸಂಬಳ ಜಮಾ ಆದದ್ದು ತಿಳಿಯುವುದು ಅದರಲ್ಲಿ. ಅಂಗಡಿಗೆ ಗಿರಾಕಿಯ ಹಣ ಬರುವುದು ಅದರಲ್ಲಿ. ಆದುದರಿಂದ ಅದರ ಬೆಲೆ ಕಟ್ಟುವವರು ಯಾರು ಎಂಬುದು ಅಕ್ಕಿ ಬೇಳೆಯ ಬೆಲೆಯಷ್ಟೇ ನಮ್ಮ ಪ್ರಶ್ನೆ.

ಒಂದು ಲೆಕ್ಕ ನೋಡೋಣ. 2023ರ ಸೆಪ್ಟೆಂಬರಿನಲ್ಲಿ ಐಫೋನ್ 15 ಪ್ರೊ ಪೇಟೆಗೆ ಬಂದಾಗ ಅಮೆರಿಕದಲ್ಲಿ ಅದರ ಬೆಲೆ 999 ಡಾಲರು. ಡಾಲರಿಗೆ 83 ರೂಪಾಯಿಯಂತೆ 82,917 ರೂಪಾಯಿ. ನಮ್ಮಲ್ಲಿ ಅದೇ ಫೋನಿಗೆ 1,34,900 ರೂಪಾಯಿ. ನಡುವಿನ 52,000 ರೂಪಾಯಿ ಎಲ್ಲಿಗೆ ಹೋಯಿತು?

ಎಲ್ಲವೂ ಸರ್ಕಾರದ ತೆರಿಗೆ ಎನ್ನುವರು. ಅದು ಪೂರ್ತಿ ನಿಜವಲ್ಲ. ಅಮೆರಿಕದ ಬೆಲೆಪಟ್ಟಿಯಲ್ಲಿ ಮಾರಾಟ ತೆರಿಗೆ ಸೇರಿರುವುದಿಲ್ಲ. ಬಿಲ್ಲಿನಲ್ಲಿ ಆಮೇಲೆ ಸೇರುತ್ತದೆ. ನಮ್ಮ ಎಂ.ಆರ್.ಪಿ.ಯಲ್ಲಿ ಎಲ್ಲ ತೆರಿಗೆಯೂ ಅಡಗಿದೆ. ಆ ಫೋನು ಆಗ ಹೊರದೇಶದಿಂದ ಬರುತ್ತಿತ್ತು. ಮೇಲ್ತೆರಿಗೆ ಸೇರಿ ಆಮದು ಸುಂಕ ಶೇಕಡ 22. ಸುಂಕ ಸೇರಿದ ಬೆಲೆಯ ಮೇಲೆ ಜಿ.ಎಸ್.ಟಿ. ಶೇಕಡ 18. ಸುಂಕ ಬೀಳುವುದು ಆಮದಿನ ಬೆಲೆಯ ಮೇಲೆ, ಚಿಲ್ಲರೆ ಬೆಲೆಯ ಮೇಲಲ್ಲ. ಆದರೂ ನಾವು ಉದಾರಿಗಳಾಗಿ ಪೂರ್ತಿ 82,917ರ ಮೇಲೆಯೇ ಎರಡನ್ನೂ ಹಾಕಿದರೆ ಬರುವುದು ಸುಮಾರು 1,19,400. ಇನ್ನೂ 15,500 ರೂಪಾಯಿ ಉಳಿಯಿತಲ್ಲ! ರೂಪಾಯಿ ಇಳಿದೀತೆಂಬ ಮುಂಜಾಗ್ರತೆ, ಮಾರಾಟದ ಖರ್ಚು, 'ಈ ಪೇಟೆ ಇಷ್ಟು ತೆತ್ತೀತು' ಎಂಬ ಕಂಪನಿಯ ಅಂದಾಜು ಇವೆಲ್ಲ ಅಲ್ಲಿ ಅಡಗಿರುತ್ತವೆ.

ಇಲ್ಲಿಯೇ ಜೋಡಿಸಿದರೆ ಅಂತರ ಇಳಿಯುತ್ತದೆ ಎಂಬುದನ್ನೂ ಒಪ್ಪೋಣ. ನಮ್ಮ ದೇಶದಲ್ಲಿಯೂ ಜೋಡಣೆಯಾದ ಸಾಮಾನ್ಯ ಐಫೋನ್ 15ಕ್ಕೆ 2023ರಲ್ಲಿ ಅಲ್ಲಿ 799 ಡಾಲರು, ಇಲ್ಲಿ 79,900 ರೂಪಾಯಿ ಇತ್ತು. ಅಂತರವೆಲ್ಲ ಹೆಚ್ಚುಕಡಿಮೆ ಜಿ.ಎಸ್.ಟಿ.ಯದೇ. 2024ರ ಜುಲೈನಲ್ಲಿ ಮೂಲ ಸುಂಕವೂ 20ರಿಂದ 15ಕ್ಕೆ ಇಳಿಯಿತು.

ಆದರೆ ಬೆಲೆ ಸಮವಾದರೆ ನ್ಯಾಯವಾಯಿತೆ? ಅಮೆರಿಕದ ಕೇಂದ್ರ ಕಾಯಿದೆಯ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರು. ಅಷ್ಟೇ ಪಡೆಯುವವನಿಗೂ 799 ಡಾಲರು 110 ಗಂಟೆಯ ದುಡಿಮೆ. ತಿಂಗಳಿಗೆ 15,000 ಪಡೆಯುವ ನಮ್ಮವನಿಗೆ ಅದು ಐದು ತಿಂಗಳ ಸಂಬಳಕ್ಕಿಂತ ಹೆಚ್ಚು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನು ಜೋಡಿಸುತ್ತಿದ್ದ ಕಾರ್ಮಿಕರು 2020ರ ಡಿಸೆಂಬರಿನಲ್ಲಿ ಸಂಬಳಕ್ಕಾಗಿ ಸಿಡಿದೆದ್ದುದನ್ನು ನಾವು ಮರೆತಿಲ್ಲ.

ಇನ್ನೊಂದು ಮಾತು. ದೊಡ್ಡ ಸಂಸ್ಥೆ ವ್ಯವಹಾರಕ್ಕೆಂದು ಫೋನು ಕೊಂಡರೆ ಆ ಶೇಕಡ 18ನ್ನು ತಾನು ಕಟ್ಟುವ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಕಾಂಪೋಸಿಷನ್ ಪದ್ಧತಿಯ ಸಣ್ಣ ಅಂಗಡಿಯವರಿಗೆ ಆ ಅನುಕೂಲವಿಲ್ಲ; ಕೂಲಿಕಾರನಿಗಂತೂ ಇಲ್ಲವೇ ಇಲ್ಲ. ಹೀಗಿರುವಾಗ ಗಿರಾಕಿ ಅಂಗಡಿಯವನನ್ನು ಬೈದು, ಅಂಗಡಿಯವನು ಗಿರಾಕಿಯನ್ನು ಬೈದು ಫಲವೇನು? ಇಬ್ಬರೂ ಒಂದೇ ತಕ್ಕಡಿಯಲ್ಲಿ ಕುಳಿತವರು.

ನಮ್ಮ ಬೇಡಿಕೆ ಸರಳ. ಪ್ರತಿ ಪೆಟ್ಟಿಗೆಯ ಮೇಲೂ ಸುಂಕವೆಷ್ಟು, ತೆರಿಗೆಯೆಷ್ಟು, ಕಂಪನಿಯ ಪಾಲೆಷ್ಟು, ಅಂಗಡಿಯ ಕಮಿಷನ್ನೆಷ್ಟು ಎಂದು ಅಚ್ಚಾಗಲಿ. ಲೆಕ್ಕ ಬಯಲಾದರೆ ಸುಲಿಗೆ ಯಾರದೆಂಬುದೂ ಬಯಲಾಗುತ್ತದೆ. ಈ ಮಾತನ್ನು ಪ್ರತಿ ಮಿಲ್ಲಿಗೂ, ಪ್ರತಿ ಅಂಗಡಿ ಬೀದಿಗೂ ಒಯ್ಯೋಣ.