ಹಳೆಯ ನಾಟಕ, ಹೊಸ ನೆತ್ತರು

ರಾಜರ್ಸ್ ಮತ್ತು ಹ್ಯಾಮರ್‌ಸ್ಟೈನರ ಸಂಗೀತನಾಟಕ ‘ಓಕ್ಲಹೋಮ!’ ನ್ಯೂಯಾರ್ಕಿನ ರಂಗವನ್ನೇರಿದ್ದು 1943ರಲ್ಲಿ. ಅದರಲ್ಲಿ ಕೂಲಿಯಾಳು ಜಡ್, ನಾಯಕ ಕರ್ಲಿಯೊಡನೆ ಸೆಣಸುತ್ತ ತನ್ನ ಚೂರಿಯ ಮೇಲೆ ತಾನೇ ಬಿದ್ದು ಸಾಯುತ್ತಾನೆ. ಊರವರು ಅಲ್ಲಿಯೇ ವಿಚಾರಣೆ ನಡೆಸಿ ಕರ್ಲಿಯನ್ನು ನಿರ್ದೋಷಿಯೆನ್ನುತ್ತಾರೆ, ಪ್ರೇಕ್ಷಕನಿಗೂ ನೆಮ್ಮದಿ.

2019ರಲ್ಲಿ ಡೇನಿಯಲ್ ಫಿಶ್ ಅದನ್ನು ಬ್ರಾಡ್‌ವೇಯಲ್ಲಿ ಆಡಿಸಿದಾಗ ಮಾತುಗಳು ಬಹುಮಟ್ಟಿಗೆ ಹಳೆಯವೇ. ದೊಡ್ಡ ವಾದ್ಯವೃಂದದ ಬದಲು 7 ಮಂದಿ ವಾದಕರು. ಪ್ರೇಕ್ಷಕರ ಮೇಲೂ ಬೆಳಕು. ವಿರಾಮದಲ್ಲಿ ಅವರಿಗೆ ಉಪಾಹಾರವೂ ಉಂಟು! ಆದರೆ ಇಲ್ಲಿ ಜಡ್ ಬೀಳುವುದಿಲ್ಲ. ತಾನಾಗಿ ಕರ್ಲಿಯ ಕೈಗೆ ಪಿಸ್ತೂಲು ಕೊಡುತ್ತಾನೆ. ಕರ್ಲಿ ಗುಂಡು ಹಾರಿಸುತ್ತಾನೆ. ವಧೂವರರ ಬಿಳಿಯುಡುಗೆಗೆ ನೆತ್ತರು ಸಿಡಿಯುತ್ತದೆ. ಆಮೇಲೆ ಅದೇ ವಿಚಾರಣೆ. ಈಗ ಅದು ಕೊಲೆಯೊಂದನ್ನು ಮುಚ್ಚಿಹಾಕುವ ಉಪಾಯ.

ಇದು ಕವಿಗೆ ಬಗೆದ ದ್ರೋಹವೆಂದು ಕೆಲವರು ಹೇಳಬಹುದು. ಅಷ್ಟು ನೆತ್ತರು ಬೇಕಿತ್ತೇ ಎಂದು ನಾನೂ ಕೇಳಿಯೇನು. ಆದರೆ ಆ ಅವಸರದ ತೀರ್ಪು ಫಿಶ್ ತಂದದ್ದಲ್ಲ. 1943ರ ಹಸ್ತಪ್ರತಿಯಲ್ಲಿಯೇ ಇದ್ದದ್ದು.